ಮೊಳೆಗೆ ಬಂದ ಅರಿಶಿನದ ಎಳೆ

ಸೀರೆ ಮಡಚುವುದು ಒಂದು ವಿದ್ಯೆ ಎಂದು ನಾನು ಬಾಯಿ ತೆರೆದರೆ ಮನೆಯಲ್ಲಿ ಎಲ್ಲರಿಗೂ ಬೇರೆ ಬೇರೆ ಕೆಲಸ ನೆನಪಾಗುತ್ತದೆ. ದೊಡ್ಡಬಳ್ಳಾಪುರದ ಆದಿನಾರಾಯಣಪ್ಪನವರ ಸೀರೆ ಅಂಗಡಿಗೆ ನಾನು ಮಡಚುವ ಕೆಲಸಕ್ಕೆ ಸೇರಿದಾಗ ಮೀಸೆ ಪೂರ್ತಿ ಬಂದಿರಲಿಲ್ಲ. ಈಗ ಬಂದಿದ್ದೂ ಬೆಳ್ಳಗಾಗಿದೆ. ಇಷ್ಟು ವರ್ಷದ ಸಾಧನೆ ಏನೆಂದರೆ, ದೋಸೆಯನ್ನು ಕೂಡ ಅಂಚು ಹೊರಗೆ ಕಾಣುವ ಹಾಗೆ ಮಡಚಿ ತಿನ್ನುತ್ತೇನೆ ಎಂದು ನನ್ನ ಹೆಂಡತಿ ಬಂದ ನೆಂಟರಿಗೆಲ್ಲ ತೋರಿಸುತ್ತಾಳೆ. ಇಂಥವನ ಚರಿತ್ರೆ ಯಾರಿಗೂ ಬೇಡ. ನಾನು ಹೇಳಹೊರಟಿರುವುದು ಪಿಳ್ಳಣ್ಣನ ವಿಷಯ.

ಪಿಳ್ಳಣ್ಣ ನಮ್ಮ ಅಂಗಡಿಯ ಸುದ್ದಿ ತರುವವನು. ಇದು ಎಂಥ ಕೆಲಸ ಎಂದು ಬೆಂಗಳೂರಿನವರು ಕೇಳುತ್ತಾರೆ. ಆದಿನಾರಾಯಣಪ್ಪನವರಿಗೆ ಸ್ವಂತದ್ದು ಎಂದು ಒಂದು ಮಗ್ಗವೂ ಇರಲಿಲ್ಲ. ಮಗ್ಗಗಳೆಲ್ಲ ಊರಿನ ಗಲ್ಲಿಗಳಲ್ಲಿ, ಬಾಶೆಟ್ಟಿಹಳ್ಳಿಯ ಆಚೆಯ ಹಳ್ಳಿಗಳಲ್ಲಿ, ಯಾರ್ಯಾರದೋ ಶೆಡ್ಡುಗಳಲ್ಲಿ ಗಡಗಡ ಅನ್ನುತ್ತಿದ್ದವು. ಸಾಹುಕಾರರು ಹಾಸು ಕೊಡುತ್ತಿದ್ದರು. ಹಾಸು ಎಂದರೆ ಸೀರೆಯ ಉದ್ದದ ಎಳೆಗಳನ್ನೆಲ್ಲ ಒಟ್ಟಿಗೆ ಸುತ್ತಿದ ಉರುಳೆ. ಶೆಡ್ಡಿನವರು ಅದನ್ನು ಮಗ್ಗಕ್ಕೇರಿಸಿ ನೇಯ್ದು ಸೀರೆ ವಾಪಸ್ಸು ಕೊಡಬೇಕು. ಯಾವ ಮಗ್ಗ ಹಾಸು ತಗೊಂಡಿತು, ಯಾವುದು ನೇಯಲು ಶುರು ಮಾಡಿತು, ಯಾವುದು ಕೆಟ್ಟು ಕೂತಿದೆ, ಯಾವುದು ಮುಗಿಸಿ ಖಾಲಿಯಾಯಿತು ಎಂಬುದು ಅಂಗಡಿಗೆ ಗೊತ್ತಾದರೆ ತಾನೇ ಮುಂದಿನ ಹಾಸು ಕಳಿಸುವುದು? ಗೊತ್ತು ಮಾಡಿಸುವವನು ಪಿಳ್ಳಣ್ಣ. ಒಂದು ಸೈಕಲ್ಲು, ಅದಕ್ಕೊಂದು ಬೆಲ್ಲು. ಬೆಲ್ಲು ಬಿಟ್ಟು ಮಿಕ್ಕ ಎಲ್ಲ ಭಾಗವೂ ಸದ್ದು ಮಾಡುತ್ತಿತ್ತು.

ಮೊದಲು ಅವನು ಎಳೆ ಜೋಡಿಸುವವನಾಗಿದ್ದ. ಹಳೇ ಹಾಸಿನ ಕೊನೆಗೆ ಹೊಸ ಹಾಸಿನ ಒಂದೊಂದೇ ಎಳೆ ಕೂಡಿಸಿ ಹೊಸೆಯುವ ಕೆಲಸ. ಕಣ್ಣು ಮಂಜಾದ ಮೇಲೆ ಎರಡು ಎಳೆ ನಾಲ್ಕಾಗಿ ಕಾಣಲು ಶುರುವಾಗಿ, ಕೆಂಪಂಚಿಗೆ ಹಸಿರು ಸೇರಿಸಿಬಿಟ್ಟ. ಸಾಹುಕಾರರು ಬೈಯಲಿಲ್ಲ, ಸೈಕಲ್ಲು ಕೊಟ್ಟರು. ಕಣ್ಣು ಕಾಣದವನಿಗೆ ಸೈಕಲ್ಲು ಕೊಡುವ ದೊಡ್ಡ ಮನಸ್ಸು ನಮ್ಮ ಸಾಹುಕಾರರದು.

ಶುರುವಿನಲ್ಲಿ ಅವನು ಬಾಯಿಮಾತಲ್ಲಿ ಸುದ್ದಿ ತರುತ್ತಿದ್ದ. ಅದು ನಡೆಯಲಿಲ್ಲ. ಮುಗಿದಿದೆ ಅಂದರು ಎಂದು ಇವನು ಬಂದು ಹೇಳುವುದು, ನಾನ್ಯಾವಾಗ ಅಂದೆ ಎಂದು ಶೆಡ್ಡಿನವನು ಕೇಳುವುದು, ಮಧ್ಯದಲ್ಲಿ ಪಿಳ್ಳಣ್ಣ ಇಬ್ಬರಿಗೂ ಸುಳ್ಳನಾಗುವುದು. ಅದಕ್ಕೆ ಸಾಹುಕಾರರು ಒಂದು ಏರ್ಪಾಡು ಮಾಡಿದರು. ಅಂಗಡಿಯ ಗೋಡೆಗೆ ಮಗ್ಗಕ್ಕೊಂದರಂತೆ ಮೊಳೆ ಹೊಡೆಸಿದರು. ಶೆಡ್ಡಿನವರು ಬಾಯಿಮಾತು ಕಳಿಸುವ ಹಾಗಿಲ್ಲ, ಹಾಸಿನಿಂದಲೇ ಒಂದು ಎಳೆ ಕಿತ್ತು ಕಳಿಸಬೇಕು. ಹಾಸು ತಗೊಂಡಾಗ ಬರೀ ಎಳೆ. ಪೂಜೆ ಮಾಡಿ ನೇಯಲು ಶುರು ಮಾಡಿದಾಗ ಕುಂಕುಮ ಹಚ್ಚಿದ ಎಳೆ. ಮಗ್ಗ ಕೆಟ್ಟರೆ ಮಸಿ ಹಚ್ಚಿದ ಎಳೆ. ಮುಗಿದಾಗ ಅರಿಶಿನದ ಎಳೆ. ಪಿಳ್ಳಣ್ಣ ತಂದು ಆಯಾ ಮೊಳೆಗೆ ನೇತು ಹಾಕಬೇಕು. ಸಾಹುಕಾರರು ಗಾದಿಯ ಮೇಲೆ ಕೂತೇ ಗೋಡೆ ನೋಡಿ ತಾಲ್ಲೂಕನ್ನೆಲ್ಲ ನೋಡಿಬಿಡುತ್ತಿದ್ದರು. ಹಾಗೆಂದು ಅವರು ತಿಳಿದಿದ್ದರು.

ಮೊದಲ ತೊಂದರೆ ಮಸಿಯದು. ಲಕ್ಷ್ಮಿಯಂಥ ನೂಲಿಗೆ ಮಸಿ ಬಳಿದು ಮನೆಯಿಂದಾಚೆ ಕಳಿಸಲು ಯಾವ ನೇಕಾರಗಿತ್ತಿ ಒಪ್ಪುತ್ತಾಳೆ? ಆ ವರ್ಷವೆಲ್ಲ ಗೋಡೆಗೆ ಒಂದು ಕಪ್ಪು ಎಳೆಯೂ ಬರಲಿಲ್ಲ. ಗೋಡೆಯ ಪ್ರಕಾರ ನಮ್ಮ ಮಗ್ಗಗಳು ಕೆಡುವುದನ್ನೇ ಬಿಟ್ಟಿದ್ದವು. ಮೋಟರು ಸುಟ್ಟು ಎರಡು ವಾರದಿಂದ ಗುಬ್ಬಿ ಗೂಡು ಕಟ್ಟಿದ್ದ ಮಗ್ಗದ ಮೊಳೆಯಲ್ಲೂ ಕುಂಕುಮದೆಳೆ ಮುತ್ತೈದೆಯ ಹಾಗೆ ತೂಗುತ್ತಿತ್ತು. ಆಮೇಲೆ ಸಾಹುಕಾರರು, ಬೇರೇನೂ ಸುದ್ದಿಯಿಲ್ಲದಿದ್ದರೂ ಸೋಮವಾರಕ್ಕೊಂದು ಬಿಳಿ ಎಳೆ ಕಳಿಸಲಿ, ಮಗ್ಗ ಜೀವಂತ ಇದೆ ಅಂತಾದರೂ ತಿಳಿಯುತ್ತೆ ಅಂದರು. ಶೆಡ್ಡಿನವರು ಬುದ್ಧಿವಂತರು. ಪದೇ ಪದೇ ಯಾಕೆ ತೊಂದರೆ ಎಂದು ತಿಂಗಳಿನದೆಲ್ಲ ಒಂದೇ ಸಲ ಕಿತ್ತು ಪಿಳ್ಳಣ್ಣನ ಜೇಬಿಗೆ ತುರುಕಿದರು.

ಎರಡನೇ ತೊಂದರೆ ಗಾಳಿಯದು. ಒಂದು ಸಲ ಬಾಶೆಟ್ಟಿಹಳ್ಳಿ ಹತ್ತಿರ, ಫ್ಯಾಕ್ಟರಿ ಶಿಫ್ಟ್ ಬಿಟ್ಟ ಹೊತ್ತಿನಲ್ಲಿ, ಒಂದು ಬಸ್ಸು ಇವನನ್ನು ಸವರಿಕೊಂಡು ಹೋಗಿ ಒಂದು ಬರೀ ಎಳೆ ಜೇಬಿಂದ ಹಾರಿತು. ಮೊಳೆಗೆ ಎಳೆ ಬರಲಿಲ್ಲವಲ್ಲ, ಆ ಶೆಡ್ಡಿನವನು ಹಾಸು ತಗೊಂಡೇ ಇಲ್ಲ ಎಂದು ಸಾಹುಕಾರರು ಅದೇ ಆರ್ಡರನ್ನು ಇನ್ನೊಂದು ಶೆಡ್ಡಿಗೂ ಕೊಟ್ಟರು. ಇಬ್ಬರೂ ನಿಷ್ಠೆಯಿಂದ ನೇಯ್ದರು. ಬದನೆಕಾಯಿ ಬಣ್ಣದ ಸೀರೆ, ಕೇಳಿದ್ದಕ್ಕಿಂತ ಇಮ್ಮಡಿ. ಆ ವರ್ಷ ಯುಗಾದಿ, ಗೌರಿ, ದೀಪಾವಳಿ ಮೂರಕ್ಕೂ ನನ್ನ ಹೆಂಡತಿಗೆ ಬದನೆಕಾಯಿ ಬಣ್ಣ. ಈಗಲೂ ಅವಳು ಪಲ್ಯಕ್ಕೆ ಬದನೆಕಾಯಿ ತರುವುದಿಲ್ಲ.

ಇದೆಲ್ಲದರ ಬೈಗುಳ ಪಿಳ್ಳಣ್ಣನಿಗೆ. ಸುದ್ದಿ ಬಂದರೆ ಯಾಕೆ ಬಂತು, ಬರದಿದ್ದರೆ ಯಾಕೆ ಬರಲಿಲ್ಲ. ಅದಕ್ಕೇ ಅವನು ಒಂದು ನೇಮ ಇಟ್ಟುಕೊಂಡಿದ್ದ. ಕೈಗೆ ಬಂದ ಎಳೆ ಆ ದಿನವೇ ಮೊಳೆಗೆ. ಮನೆಗೆ ಒಯ್ದು ಮಾರನೇ ದಿನ ತಂದದ್ದಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ನೇತು ಹಾಕಿ ಹೋಗಿದ್ದ.

ತೊಂಬತ್ತನಾಲ್ಕರಲ್ಲಿ ಅವನ ಮಗಳು ಮಮತನಿಗೆ ಇಲ್ಲೇ ಹತ್ತಿರದ ವಿಜಯಪುರದ ಕಡೆ ಗಂಡು ಗೊತ್ತಾಯಿತು. ಅವರೂ ನೇಯ್ಗೆಯವರು. ಧಾರೆ ಸೀರೆ ಅಂಗಡಿಯಿಂದ ಕೊಂಡದ್ದಾಗಬಾರದು, ಅಪ್ಪ ಹಾಸು ಮಾಡಿದ್ದಾಗಬೇಕು ಎಂಬುದು ಇಬ್ಬರ ಮನೆಯಲ್ಲೂ ನಡೆದುಬಂದ ಪದ್ಧತಿ. ಪಿಳ್ಳಣ್ಣನಿಗೆ ಮಗ್ಗವಿಲ್ಲ, ಕಣ್ಣಿಲ್ಲ. ಆದರೂ ಬಣ್ಣ ತಾನೇ ಆರಿಸಿ, ಪಕ್ಕದಲ್ಲಿ ಹೆಂಡತಿ ಮುನಿರತ್ನಮ್ಮನನ್ನು ಕೂರಿಸಿಕೊಂಡು ಗಿಳಿಹಸಿರಿನ ಒಂದು ಚಿಕ್ಕ ಹಾಸು ಮಾಡಿದ. ಅದರಲ್ಲಿ ಗಂಡಿನ ಅಮ್ಮನಿಗೊಂದು, ಅಜ್ಜಿಗೊಂದು, ಕೊನೆಯಲ್ಲಿ ಮಮತನ ಧಾರೆ ಸೀರೆ. ಸಾಹುಕಾರರು, ನೇಯಿಸುವುದು ನನ್ನ ಜವಾಬ್ದಾರಿ ಎಂದು ಎದೆ ಮುಟ್ಟಿಕೊಂಡರು.

ಅಲ್ಲಿಂದ ಆ ಹಾಸು ಅಂಗಡಿಯ ಮೂಲೆಯಲ್ಲಿ ಕೂತಿತು. ಸರದಿ ಬಂದಾಗಲೆಲ್ಲ ಚಿಕ್ಕಪೇಟೆಯಿಂದ ಯಾರೋ ಅರ್ಜೆಂಟ್ ಅನ್ನುತ್ತಿದ್ದರು. ಆಗ ಸಾಹುಕಾರರು, ಪಿಳ್ಳಣ್ಣ ನಮ್ಮೋನೇ ಅಲ್ವಾ, ಕಾಯ್ತಾನೆ ಬಿಡಿ ಅನ್ನುತ್ತಿದ್ದರು. ನಮ್ಮೋನು ಅನ್ನಿಸಿಕೊಂಡವನ ಹಾಸು ಎಲ್ಲರಿಗಿಂತ ಹಿಂದೆ. ಊರಿನ ಸೀರೆಯ ಸುದ್ದಿಯನ್ನೆಲ್ಲ ಬೆವರು ಸುರಿಸಿ ಹೊತ್ತು ತರುವವನು, ತನ್ನ ಮಗಳ ಸೀರೆಯ ಎಳೆ ಒಂದು ಮೊಳೆಗೂ ಬಾರದಿರುವುದನ್ನು ದಿನವೂ ನೋಡಿಕೊಂಡು ಹೋಗುತ್ತಿದ್ದ. ಹೋಗುವಾಗ ಸೈಕಲ್ಲಿನ ಸ್ಟ್ಯಾಂಡನ್ನು ಒದೆಯುತ್ತಿದ್ದ.

ಮದುವೆಗೆ ಇನ್ನೇನು ಎರಡು ವಾರ ಅನ್ನುವಾಗ ಅವನ ಹಾಸು ಮುತ್ಯಾಲಮ್ಮನ ಶೆಡ್ಡಿಗೆ ಹೋಯಿತು. ಮುತ್ಯಾಲಮ್ಮ ಬಾಶೆಟ್ಟಿಹಳ್ಳಿಯ ಆಚೆ ತಾನೇ ನಿಂತು ಮಗ್ಗ ನಡೆಸುತ್ತಿದ್ದ ಗಟ್ಟಿ ಹೆಂಗಸು. ಬರೀ ಎಳೆ ಬಂತು, ಕುಂಕುಮದೆಳೆ ಬಂತು. ಬೀಗಿತ್ತಿಯರ ಎರಡು ಸೀರೆ ಸರಾಗವಾಗಿ ಇಳಿದವು. ಧಾರೆ ಸೀರೆಗೆ ಬಂದಾಗ ಕರೆಂಟು ಹೋಯಿತು. ಬಂತು, ಹೋಯಿತು. ಪಿಳ್ಳಣ್ಣ ದಿನವೂ ಹೋಗಿ ನಿಂತ ಮಗ್ಗದ ಮುಂದೆ ನಿಂತು ಬರುತ್ತಿದ್ದ. ಕೊನೆಗೆ ಒಂದು ಶುಕ್ರವಾರದ ಸಂಜೆ ಸೀರೆಯ ಮೈಯೆಲ್ಲ ಮುಗಿದು ಸೆರಗೊಂದು ಬಾಕಿ ಉಳಿಯಿತು. ಮಾರನೇ ದಿನ ಕರೆಂಟು ಬಂದರೆ ಮುಗಿಯುತ್ತದೆ. ಆದರೆ ಮಾರನೇ ದಿನ ಶನಿವಾರ.

ಧಾರೆ ಸೀರೆ ಶನಿವಾರ ಮುಗಿಯಬಾರದು. ಹಾಗೆಂದು ಕರೆಂಟು ಇಲಾಖೆಗೆ ಯಾರು ಹೇಳುವುದು? ಅದಕ್ಕೆ ನೇಕಾರರಲ್ಲಿ ಒಂದು ದಾರಿ ಇತ್ತು. ಶುಕ್ರವಾರವೇ ಅರಿಶಿನದ ಎಳೆ ತೆಗೆದುಬಿಟ್ಟರೆ ಶಾಸ್ತ್ರಕ್ಕೆ ಸೀರೆ ಶುಕ್ರವಾರ ಮುಗಿದ ಹಾಗೆ. ಬಟ್ಟೆ ಯಾವಾಗ ಬೇಕಾದರೂ ಮುಗಿಯಲಿ. ಮುತ್ಯಾಲಮ್ಮ ಎಳೆ ಕಿತ್ತು, ಅರಿಶಿನ ಹಚ್ಚಿ, ಕಣ್ಣಿಗೊತ್ತಿಕೊಂಡು ಅವನ ಕೈಗಿಟ್ಟಳು.

"ಇದು ನಿನ್ ಹತ್ರಾನೇ ಇರ್ಲಿ ಕಣಣ್ಣ. ದೇವರ ಮುಂದೆ ಇಟ್ಕೋ. ಸೋಮವಾರ ಸೀರೆ ಜತೇಲಿ ಅಂಗಡಿಗೆ ಕೊಡೀವಂತೆ" ಅಂದಳು.

ಅವನು ಹೂಂ ಅಂದ. ಹೂಂ ಅಂದವನು ಸೈಕಲ್ಲು ತುಳಿದುಕೊಂಡು ಸೀದಾ ಅಂಗಡಿಗೆ ಬಂದ. ನಾನು ಸೀರೆ ಮಡಚುತ್ತ ಕೂತಿದ್ದೆ. ಜೇಬಿನಿಂದ ಎಳೆ ತೆಗೆದು, ಒಂದು ಗಳಿಗೆ ಮೊಳೆಗಳ ಸಾಲಿನ ಮುಂದೆ ನಿಂತ. ಕೈಗೆ ಬಂದ ಎಳೆ ಆ ದಿನವೇ ಮೊಳೆಗೆ ಹೋಗಬೇಕೆಂಬ ನೇಮವೋ, ಇಷ್ಟು ದಿನ ಕಾದ ಮೊಳೆಯ ಮೇಲೆ ಅರಿಶಿನ ನೋಡುವ ಆಸೆಯೋ, ನೇತು ಹಾಕಿಬಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಮತನ ಸೀರೆ ಆಯ್ತಾ ಅಂದೆ. ಆದಂಗೇ ಗುರು ಅಂದ. ಆ "ಆದಂಗೇ" ಅನ್ನುವುದನ್ನು ನೇತು ಹಾಕಲು ಗೋಡೆಯಲ್ಲಿ ಮೊಳೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಗಾದಿಯ ಮೇಲೆ ಕೂತವರು ಸಾಹುಕಾರರಲ್ಲ, ಅವರ ಅಳಿಯ ರವಿಶಂಕರ್. ಬಿ.ಕಾಂ. ಓದಿದವರು, ಚುರುಕು. ಗೋಡೆ ನೋಡಿದರು, ಮುತ್ಯಾಲಮ್ಮನ ಮೊಳೆಗೆ ಅರಿಶಿನ ಬಂದಿದೆ, ಮಗ್ಗ ಖಾಲಿ. ಹೊಸಕೋಟೆಯ ಅಂಗಡಿಯೊಂದರ ಅರ್ಜೆಂಟ್ ಹಾಸು ಬಿದ್ದಿದೆ. ಎಳೆ ಜೋಡಿಸುವ ಇಬ್ಬರನ್ನೂ ಆ ಹಾಸನ್ನೂ ಆಟೋದಲ್ಲಿ ಹಾಕಿಕೊಂಡು ತಾವೇ ಹೊರಟರು. ಅವರು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಕರೆಕ್ಟಾಗಿ ಕೆಲಸ ಮಾಡುವವರು ಮಾಡುವ ಅನಾಹುತವೇ ಬೇರೆ ತರಹದ್ದು.

ಶೆಡ್ಡಿನಲ್ಲಿ ಮುತ್ಯಾಲಮ್ಮ ಇರಲಿಲ್ಲ. ನೆಲಮಂಗಲದಲ್ಲಿ ತಂಗಿಯ ಮಗುವಿನ ನಾಮಕರಣಕ್ಕೆ ಹೋಗಿದ್ದಳು. ಕೂಲಿಗೆ ನೇಯುವ ಕುಮಾರ್ ಒಬ್ಬನೇ ಕರೆಂಟಿಗೆ ಕಾಯುತ್ತ ಬೀಡಿ ಸೇದುತ್ತಿದ್ದ. ಅವನು ಎದ್ದು, ಅಣ್ಣ ಇದರಲ್ಲಿ ಇನ್ನೂ ಸೆರಗು ಐತೆ ಅಂದನಂತೆ. ರವಿಶಂಕರ್ ನಕ್ಕರಂತೆ.

"ಅರಿಶಿನ ಬಂದಾಯ್ತು ಕಣಯ್ಯ. ಮೊಳೇಲಿ ನೋಡ್ಕೊಂಡೇ ಬಂದಿದೀನಿ. ಇದು ಕೊಸರು."

ಹಾಸಿನ ಕೊನೆಯಲ್ಲಿ ಯಾವಾಗಲೂ ಒಂದಿಷ್ಟು ಮಿಕ್ಕುವ ಎಳೆಗೆ ಕೊಸರು ಅನ್ನುತ್ತಾರೆ. ಸೀರೆ ಮುಗಿದಿದೆ ಎಂದ ಮೇಲೆ ಮಗ್ಗದಲ್ಲಿ ಉಳಿದಿರುವುದು ಕೊಸರಲ್ಲದೆ ಇನ್ನೇನು? ಕುಮಾರ್ ಕಣ್ಣೆದುರಿಗಿನ ಮಗ್ಗ ನೋಡಿದ, ಬಿ.ಕಾಂ. ಮುಖ ನೋಡಿದ. ಯಾರು ಮಗ್ಗದ ಕಡೆ ಮಾತಾಡಬೇಕು? ಅವನಿಗೆ ಶಿಫ್ಟಿನ ಲೆಕ್ಕದ ಕೂಲಿ. ಕತ್ತರಿ ಆಡಿತು. ಗಿಳಿಹಸಿರಿನ ಎಳೆಗಳು ಮೂಲೆಗೆ ಹೋದವು. ಅವುಗಳ ಮೇಲೆ ಯಾರೋ ಎಣ್ಣೆ ಡಬ್ಬಿ ಇಟ್ಟರು.

ಸೋಮವಾರ ಪಿಳ್ಳಣ್ಣ ಸೀರೆ ತರಲು ಹೋಗಬೇಕಾಗಲೇ ಇಲ್ಲ. ರವಿಶಂಕರ್ ಶನಿವಾರವೇ ತಂದು ನನ್ನ ಮುಂದೆ ಹಾಕಿದ್ದರು, ಪಿಳ್ಳಣ್ಣನದು, ಚೆನ್ನಾಗಿ ಮಡಚಿಡಿ ಎಂದು. ಮಡಚುವವನ ಕೈಗೆ ಮೊದಲು ಸೆರಗು ಸಿಗಬೇಕು. ಈ ಕಡೆಯಿಂದ ಹುಡುಕಿದೆ, ಆ ಕಡೆಯಿಂದ ಹುಡುಕಿದೆ. ಸೀರೆಯ ಎರಡೂ ತುದಿ ಒಂದೇ ತರಹ ನನ್ನನ್ನು ನೋಡಿದವು. ಮಡಚಲು ಬಾರದ ಸೀರೆ ನನ್ನ ಸರ್ವೀಸಿನಲ್ಲಿ ಅದೊಂದೇ. ಶನಿವಾರ ಮದುವೆಯ ಓಡಾಟದಲ್ಲಿದ್ದವನು ಸೋಮವಾರ ಒಳಗೆ ಬಂದಾಗ ನಾನು ಸೀರೆ ಬಿಚ್ಚಿ ತೋರಿಸಿದೆ. ಮುಟ್ಟಿ ನೋಡಿದ. ಕಣ್ಣು ಮಂಜಾದರೂ ಬೆರಳಿಗೆ ಎಲ್ಲ ಗೊತ್ತಾಯಿತು.

ಸೀದಾ ಗಾದಿಯ ಮುಂದೆ ಹೋಗಿ ನಿಂತ. ಅಳಿಯಂದಿರು ಇದ್ದರು, ಸಾಹುಕಾರರೂ ಇದ್ದರು. ಇವನು ಅಷ್ಟು ವರ್ಷದಲ್ಲಿ ದನಿ ಏರಿಸಿದ್ದು ಅದೇ ಮೊದಲು. ಹದಿನಾರು ಊರು ಸುತ್ತಿ ಸುದ್ದಿ ತಂದು ಸುರಿದೆ, ನನ್ನ ಮಗಳ ಸೀರೆ ಒಂದನ್ನ ಹಾಳು ಮಾಡೋಕೆ ನಿಮಗೆ ಅರ್ಧ ದಿನ ಸಾಕಾಯ್ತಾ ಎಂದು ಕೇಳಿದ. ರವಿಶಂಕರ್ ಗಾಬರಿಯಾಗಿ ಗೋಡೆ ತೋರಿಸಿದರು. ಅಲ್ಲಿ ಮುಗಿದಿತ್ತು, ನಾನೇ ಕಣ್ಣಾರೆ ನೋಡಿದೆ ಅಂದರು.

"ಗೋಡೇಲಿ ಮುಗ್ದಿತ್ತು ಸ್ವಾಮಿ. ಮಗ್ಗದಲ್ಲಿ ಮುಗ್ದಿರ್ಲಿಲ್ಲ. ನೀವು ಮಗ್ಗದ ಮುಂದೆ ನಿಂತ್ಕಂಡೂ ಗೋಡೇನೇ ನೋಡಿದ್ರಿ."

"ಸರಿಯಪ್ಪ. ಹಂಗಾದ್ರೆ ಮುಗೀದೇ ಇದ್ದಿದ್ದಕ್ಕೆ ಅರಿಶಿನ ತಂದು ಹಾಕ್ದೋರು ಯಾರು?"

ಈ ಪ್ರಶ್ನೆ ಅಳಿಯಂದಿರು ಕೊಂಕಿಗೆ ಕೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದರು. ಸಾಹುಕಾರರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಮಡಚಿದ್ದ ಬೇರೊಂದು ಸೀರೆಯನ್ನೇ ಮತ್ತೆ ಬಿಚ್ಚಿ ಮಡಚಿದೆ. ಬೈಯಲು ಒಬ್ಬರು ಸಿಕ್ಕಿದರೆ ಮನುಷ್ಯನಿಗೆ ಎಷ್ಟೋ ಹಗುರ. ಪಿಳ್ಳಣ್ಣ ಒಬ್ಬೊಬ್ಬರನ್ನೇ ನೆನೆದು ನೋಡಿದ. ಅಳಿಯಂದಿರು ಗೋಡೆ ನಂಬಿದ್ದರು, ಅದಕ್ಕೇ ಗೋಡೆ ಇದ್ದದ್ದು. ಮುತ್ಯಾಲಮ್ಮ ಇಟ್ಟುಕೋ ಅಂದಿದ್ದಳು. ಕುಮಾರ್ ಬಾಯಿಬಿಟ್ಟು ಹೇಳಿದ್ದ. ಯಾರ ಮೇಲೂ ಹರಿಹಾಯಲು ಆಗದೆ ಸಿಟ್ಟೆಲ್ಲ ಹೊರಗೆ ಹೋಗಿ ಸೈಕಲ್ಲಿನ ಮೇಲೆ ಬಿತ್ತು. ಸ್ಟ್ಯಾಂಡು ಅವತ್ತು ಮುರಿಯಿತು.

ಸಾಹುಕಾರರು ಒಳ್ಳೆಯವರೇ. ಬೀರುವಿನಿಂದ ಒಂದು ಭಾರೀ ಸೀರೆ ತೆಗೆದು, ಇದನ್ನ ಉಡ್ಲಿ, ನನ್ನ ಲೆಕ್ಕ ಅಂದರು. ಅವನು ಕೈಮುಗಿದು ಬೇಡ ಅಂದ. ಬೀಗರು ನೇಯ್ಗೆಯವರು, ಬೇರೆಯವರ ಹಾಸು ಎಂದು ಮುಟ್ಟಿದರೆ ತಿಳಿಯುತ್ತದೆ, ಅಪ್ಪ ಹಾಸು ಮಾಡಿದ ಸೀರೆ ಎಂದು ಅವರಿಗೆ ಮಾತು ಕೊಟ್ಟಾಗಿದೆ ಎಂದ. ಧಾರೆಗೆ ಇನ್ನು ಮೂರು ದಿನ. ಎಣ್ಣೆ ಕುಡಿದ ಎಳೆಗಳನ್ನು ಮತ್ತೆ ಮಗ್ಗಕ್ಕೇರಿಸುವುದು ಆಗದ ಮಾತು.

ಆ ಸಂಜೆ ನಾನೂ ಅವನ ಜತೆ ಮನೆಗೆ ಹೋದೆ. ಸಮಾಧಾನ ಹೇಳಲು ಹೋದೆ ಅಂದುಕೊಂಡಿದ್ದೆ. ಹೋಗಿ ಕಾಫಿ ಕುಡಿದದ್ದಷ್ಟೇ. ಮಮತ ಸೀರೆಯನ್ನು ಹೆಗಲ ಮೇಲೆ ಹಾಕಿ ನೋಡಿದಳು. ಹೆಗಲು ಮುಟ್ಟಿತು, ಆ ಕಡೆ ಇಳಿಯಲಿಲ್ಲ. ಪಿಳ್ಳಣ್ಣ ಗೋಡೆಗೆ ತಿರುಗಿ ಕೂತ. ಮುನಿರತ್ನಮ್ಮ ಯಾರನ್ನೂ ಕೇಳಲಿಲ್ಲ. ಪೆಟ್ಟಿಗೆಯಿಂದ ತನ್ನ ಹಳೇ ದಾಳಿಂಬೆ ಬಣ್ಣದ ಧಾರೆ ಸೀರೆ ತೆಗೆದು, ಸೆರಗಿನ ಬುಡಕ್ಕೆ ಕತ್ತರಿ ಇಟ್ಟು ಒಂದೇ ಎಳೆತಕ್ಕೆ ಹರಿದಳು. ಅವನು ಆ ಸದ್ದಿಗೆ ತಿರುಗಿ, ಏನ್ ಮಾಡ್ತಿದೀಯೆ ಅಂದ.

"ಇನ್ನೊಂದ್ಸಲ ಧಾರೆಗೆ ನಿಲ್ಬೇಕಾ ನಾನು? ಇದೂ ಅಪ್ಪ ಹಾಸು ಮಾಡಿದ್ದೇ. ನಮ್ಮಪ್ಪ. ಸೂಜಿ ಎಲ್ಲಿಟ್ಟಿದೀರ ನೋಡಿ."

ಗಿಳಿಹಸಿರಿಗೆ ದಾಳಿಂಬೆ ಸೆರಗು. ನೋಡಲು ಕೆಟ್ಟದಾಗಿರಲಿಲ್ಲ. ಆದರೆ ಸೆರಗು ಹಳೆಯದು, ಪೆಟ್ಟಿಗೆಯಲ್ಲಿ ಮಡಿಕೆಗೆ ಮಡಿಕೆ ಕೂತು ಸವೆದ ರೇಷ್ಮೆ. ಹೊಲಿಗೆ ಹಾಕಿದ ಕಡೆ ಜೋರಾಗಿ ಎಳೆದರೆ ನೂಲು ತಾಳಿದರೂ ಬಟ್ಟೆ ತಾಳುವ ಭರವಸೆ ಇರಲಿಲ್ಲ. ಮುನಿರತ್ನಮ್ಮ ಎರಡು ಸುತ್ತು ಹೊಲಿದಳು. ಹೊಲಿಗೆ ಎಡ ಹೆಗಲ ಮೇಲೆ, ಮಡಿಕೆಯೊಳಗೆ ಬರುವ ಹಾಗೆ ನಾನು ಮಡಚಿಕೊಟ್ಟೆ. ನನ್ನ ವಿದ್ಯೆ ಒಬ್ಬರಿಗಾದರೂ ಉಪಯೋಗಕ್ಕೆ ಬಂದದ್ದು ಅವತ್ತು; ಅದೂ ಒಂದು ಹರುಕು ಮುಚ್ಚಲು.

ಗುರುವಾರ ಧಾರೆ ಚೆನ್ನಾಗಿಯೇ ಆಯಿತು. ಪಿಳ್ಳಣ್ಣ ಮಾತ್ರ ಮಗಳ ಮುಖ ನೋಡಲಿಲ್ಲ, ಅಳಿಯನ ಮುಖ ನೋಡಲಿಲ್ಲ, ಪುರೋಹಿತರು ನೀರು ಬಿಡಿ ಅಂದಾಗಲೂ ಅವನ ಕಣ್ಣು ಆ ಎಡ ಹೆಗಲ ಮೇಲೇ ಇತ್ತು. ಬೀಗಿತ್ತಿ ಎರಡು ಬಣ್ಣ ನೋಡಿ, ಇದೇನು ಹೊಸ ಫ್ಯಾಷನ್ನಾ ಎಂದು ಕೇಳಿದಳು. ಬೆಂಗಳೂರಲ್ಲಿ ಹಂಗೇ ಎಂದು ನಾನು ಹೇಳಿದೆ. ಬೆಂಗಳೂರಿನ ಹೆಸರು ಹೇಳಿದರೆ ಆಗ ಯಾವುದನ್ನಾದರೂ ನಂಬುತ್ತಿದ್ದರು.

ಊಟವಾದ ಮೇಲೆ ಹುಡುಗಿಯನ್ನು ಕಳಿಸಿಕೊಡುವ ಹೊತ್ತು. ಮಡಿಲು ತುಂಬಬೇಕು. ಮದುವಣಗಿತ್ತಿ ಎದ್ದು ನಿಂತು ಎರಡೂ ಕೈಯಲ್ಲಿ ಸೆರಗು ಹಿಡಿದು ಚಾಚಬೇಕು, ಅದರೊಳಕ್ಕೆ ಅಕ್ಕಿ, ಕೊಬ್ಬರಿ, ಬೆಲ್ಲ. ಈ ವಿಷಯ ನಮ್ಮಲ್ಲಿ ಒಬ್ಬರಿಗೂ ಮೊದಲೇ ಹೊಳೆದಿರಲಿಲ್ಲ. ಅವರ ಮನೆಯ ಪದ್ಧತಿಯಲ್ಲಿ ತುಂಬುವವರು ಗಂಡಿನ ಅಜ್ಜಿ ಅಮ್ಮಯಮ್ಮ. ಕೈ ದೊಡ್ಡದು. ಒಂದು ಬೊಗಸೆ ಹಾಕಿದರು. ಎರಡು ಹಾಕಿದರು. ಮಮತನ ಹೆಗಲ ಮೇಲೆ ಬಟ್ಟೆ ಬಿಗಿದು, ಮಡಿಕೆ ಬಿಚ್ಚಿ, ಹೊಲಿಗೆ ಹೊರಗೆ ಬಂತು. ಮುನಿರತ್ನಮ್ಮ ಸೆರಗಿನ ತುದಿ ಕಚ್ಚಿಕೊಂಡು ನಿಂತಳು. ಅಮ್ಮಯಮ್ಮ ಮೂರನೇ ಬೊಗಸೆ ಸುರಿದು, ಒಂದು ಅಚ್ಚು ಬೆಲ್ಲಕ್ಕೆ ಕೈ ಹಾಕಿದರು. ಮೊದಲು ಒಂದು ಎಳೆ ಟಿಕ್ಕೆಂದಿತು. ಹೆಂಗಸರ ಗುಂಪಿನಾಚೆ ನಿಂತಿದ್ದ ನನಗೂ ಕೇಳಿಸಿತು.

ಆಗ ಪಿಳ್ಳಣ್ಣ ಹೆಂಗಸರ ಗುಂಪಿನ ಮಧ್ಯೆ ನುಗ್ಗಿದ. ಗಂಡಸರು ಕಾಲಿಡದ ಜಾಗ. ಯಾರು ಏನು ಅನ್ನುತ್ತಾರೆ ಎಂದು ನೋಡದೆ ಎರಡೂ ಅಂಗೈ ಮಗಳ ಸೆರಗಿನ ಅಡಿಗೆ ಒಡ್ಡಿ, ಅಕ್ಕಿಯ ಭಾರವನ್ನೆಲ್ಲ ತಾನೇ ಹಿಡಿದ. ಹೆಂಗಸರೆಲ್ಲ ನಕ್ಕರು.

"ಏನಪ್ಪಾ, ಕೊಟ್ಟ ಮಗಳ ಮಡಿಲಿಂದ ಅಕ್ಕಿ ಕದೀತೀಯಾ?" ಅಂದರು ಅಮ್ಮಯಮ್ಮ.

"ಹಾಕಿ ತಾಯಿ, ಎಷ್ಟಾದ್ರೂ ಹಾಕಿ" ಅಂದ ಪಿಳ್ಳಣ್ಣ. "ನಾನು ಹಿಡ್ಕಂಡಿದೀನಿ."

ಅಮ್ಮಯಮ್ಮ ಬೆಲ್ಲ ಇಟ್ಟರು, ಕೊಬ್ಬರಿ ಇಟ್ಟರು, ಬಾಳೆಹಣ್ಣಿನ ಚಿಪ್ಪೊಂದನ್ನೂ ಇಟ್ಟರು. ಮಮತ ಅಪ್ಪ ಬಿಡಪ್ಪ, ಎಲ್ಲ ನೋಡ್ತಿದಾರೆ ಎಂದು ಪಿಸುಗುಟ್ಟಿದಳು. ಅವನು ಬಿಡಲಿಲ್ಲ. ಅವಳು ಒಂದು ಹೆಜ್ಜೆ ಇಟ್ಟರೆ ಇವನು ಒಂದು ಹೆಜ್ಜೆ ಹಿಂದಕ್ಕೆ ಇಡುತ್ತ, ಬಗ್ಗಿದ ಬೆನ್ನು ಬಗ್ಗಿದಂತೆಯೇ, ಬಾಗಿಲು ದಾಟಿ, ಚಪ್ಪರ ದಾಟಿ, ಮೆಟಡಾರ್ ವ್ಯಾನಿನ ತನಕ ಹಾಗೇ ಬಂದ. ಅವಳು ಒಳಗೆ ಕೂತು, ಅಕ್ಕಿಯ ಭಾರ ತೊಡೆಯ ಮೇಲೆ ಇಳಿದ ಮೇಲೆ ಕೈ ಈಚೆಗೆ ತೆಗೆದ.

ವ್ಯಾನು ಹೊರಟಿತು. ಅವನು ಸೊಂಟ ಹಿಡಿದುಕೊಂಡು ನೆಟ್ಟಗಾಗಲು ನೋಡುತ್ತಿದ್ದ. ಮಗಳು ಅಳ್ತಾ ಹೋದ್ಲಾ, ನಗ್ತಾ ಹೋದ್ಲಾ ಎಂದು ನನ್ನನ್ನೇ ಕೇಳಿದ.